ನಿಂತಾಗ ತಣ್ಣಗೆ, ಓಡಿದಾಗ ಬಿಸಿ: ಕಾರಿನ ಹೀಟರ್ ಕೊಡುವ ಮುನ್ಸೂಚನೆ

ಡಿಸೆಂಬರಿನ ಒಂದು ಭಾನುವಾರ, ಬೆಳಗಿನ ಜಾವ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೊರಟ ಕಾರುಗಳು ಕೈಮರದ ಚೆಕ್‌ಪೋಸ್ಟ್ ಬಳಿ ಸಾಲುಗಟ್ಟಿವೆ. ಕಾಫಿ ತೋಟದ ಸಿಲ್ವರ್ ಮರಗಳ ನಡುವಿನಿಂದ ಮಂಜು ರಸ್ತೆಗೇ ಇಳಿದಿದೆ. ಸಾಲಿನಲ್ಲಿರುವ ಒಂದು ಕಾರು ಬೆಂಗಳೂರಿನಿಂದ ರಾತ್ರಿಯಿಡೀ ಓಡಿ ಬಂದದ್ದು. ದಾರಿಯುದ್ದಕ್ಕೂ ಅದರ ಹೀಟರ್ ಬೆಚ್ಚನೆಯ ಗಾಳಿ ಕೊಟ್ಟಿದೆ. ಇಲ್ಲಿ ನಿಂತು ಎರಡು ಮೂರು ನಿಮಿಷವಾಗುವಷ್ಟರಲ್ಲಿ ಅದೇ ಕಿಂಡಿಯಿಂದ ತಣ್ಣನೆ ಗಾಳಿ ಬೀಸತೊಡಗುತ್ತದೆ. ಹಿಂದಿನ ಸೀಟಿನಲ್ಲಿರುವ ಅಜ್ಜಿ ಶಾಲು ಎಳೆದುಕೊಂಡು, ‘ಎಸಿ ಯಾಕಪ್ಪಾ ಹಾಕ್ದೆ?’ ಎನ್ನುತ್ತಾರೆ. ಮೊಮ್ಮಗ ಎಸಿ ಹಾಕಿಲ್ಲ. ಸಾಲು ಮುಂದೆ ಸರಿದು, ಅವನು ಆಕ್ಸಿಲರೇಟರ್ ಒತ್ತಿ ಏರು ಹತ್ತತೊಡಗಿದ ಮೇಲೆ ಗಾಳಿ ತಾನಾಗಿ ಮತ್ತೆ ಬಿಸಿಯಾಗುತ್ತದೆ.

ಹೆಚ್ಚಿನವರು ಇದನ್ನು ಅಲ್ಲಿಗೇ ಮರೆಯುತ್ತಾರೆ. ಕರ್ನಾಟಕದಲ್ಲಿ ವರ್ಷಕ್ಕೆ ಎಷ್ಟು ದಿನ ಹೀಟರ್ ಬೇಕಾದೀತು? ಮಡಿಕೇರಿಯಲ್ಲೋ ಸಕಲೇಶಪುರದಲ್ಲೋ ಇರುವವರನ್ನು ಬಿಟ್ಟರೆ ಆ ಗುಂಡಿಯನ್ನು ಮುಟ್ಟುವವರೇ ಕಡಿಮೆ. ನನ್ನ ಆತಂಕ ಇರುವುದು ಅಲ್ಲೇ. ಓಡುವಾಗ ಬಿಸಿಯಿದ್ದು ನಿಂತಾಗ ತಣ್ಣಗಾಗುವ ಹೀಟರ್, ಎಂಜಿನ್ನನ್ನು ತಂಪಾಗಿಡುವ ವ್ಯವಸ್ಥೆಯಲ್ಲೇ ಏನೋ ಕೊರತೆಯಿದೆ ಎಂದು ಹೇಳುತ್ತಿರುತ್ತದೆ. ಅದನ್ನು ಈಗ ಕೇಳಿಸಿಕೊಳ್ಳದಿದ್ದರೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಯಾವುದೋ ಟೋಲ್ ಗೇಟಿನ ಸಾಲಿನಲ್ಲಿ, ಬೋನೆಟ್ ಸಂದಿನಿಂದ ಹಬೆ ಏಳುವಾಗ ಗೊತ್ತಾಗುತ್ತದೆ. ಆ ಹೊತ್ತಿಗೆ ರಿಪೇರಿಯ ಖರ್ಚು ಹಲವು ಪಟ್ಟಾಗಿರುತ್ತದೆ.

ಬಿಸಿ ಬರುವುದು ಎಲ್ಲಿಂದ

ಕಾರಿನ ಹೀಟರಿಗೆ ತನ್ನದೇ ಒಲೆ ಇಲ್ಲ. ಎಂಜಿನ್ನಿನಲ್ಲಿ ಪೆಟ್ರೋಲ್ ಸುಟ್ಟಾಗ ಹುಟ್ಟುವ ಶಕ್ತಿಯಲ್ಲಿ ಕಾರನ್ನು ಓಡಿಸಲು ಒದಗುವುದು ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಇನ್ನೊಂದು ಪಾಲು ಸೈಲೆನ್ಸರ್ ಮೂಲಕ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಉಳಿದದ್ದು ಎಂಜಿನ್ನಿನ ಲೋಹವನ್ನು ಕಾಯಿಸುತ್ತದೆ. ಆ ಕಾವನ್ನು ಹೊತ್ತೊಯ್ಯುವುದು ಕೂಲಂಟ್, ಅಂದರೆ ನೀರಿಗೆ ಗ್ಲೈಕಾಲ್ ಮತ್ತು ತುಕ್ಕುನಿರೋಧಕ ಬೆರೆಸಿದ ದ್ರವ. ವಾಟರ್ ಪಂಪ್ ಅದನ್ನು ಎಂಜಿನ್ನಿನೊಳಗೆ ಸುತ್ತಿಸಿ ಮುಂದಿನ ರೇಡಿಯೇಟರಿಗೆ ಕಳಿಸುತ್ತದೆ, ಅಲ್ಲಿ ಗಾಳಿಗೆ ಒಡ್ಡಿ ತಣಿದ ದ್ರವ ಮತ್ತೆ ಎಂಜಿನ್ನಿಗೆ ಮರಳುತ್ತದೆ.

ಈ ಸುತ್ತಿನಿಂದಲೇ ಒಂದು ಸಣ್ಣ ಕವಲು ಡ್ಯಾಶ್‌ಬೋರ್ಡಿನ ಹಿಂದಕ್ಕೆ ಬರುತ್ತದೆ. ಅಲ್ಲಿ ಪುಸ್ತಕದಷ್ಟು ಅಗಲದ ಇನ್ನೊಂದು ಪುಟ್ಟ ರೇಡಿಯೇಟರ್ ಇದೆ. ಹೀಟರ್ ಕೋರ್ ಎನ್ನುವುದು ಅದಕ್ಕೇ. ಗ್ಯಾರೇಜುಗಳಲ್ಲಿ ಹೀಟರ್ ಕಾಯಿಲ್ ಎಂದೂ ಹೇಳುತ್ತಾರೆ. ಸುಮಾರು 90 ಡಿಗ್ರಿ ಸೆಲ್ಸಿಯಸ್‌ನ ಕೂಲಂಟ್ ಅದರ ಸಣ್ಣ ನಳಿಗೆಗಳಲ್ಲಿ ಹರಿಯುವಾಗ ಬ್ಲೋವರ್ ಅದರ ಮೇಲೆ ಗಾಳಿ ಹಾಯಿಸುತ್ತದೆ. ನಮಗೆ ಸಿಗುವುದು ಎಂಜಿನ್ ಹೇಗೂ ಬಿಸಾಡಬೇಕಿದ್ದ ಕಾವು. ಹೀಟರ್ ಹಾಕಿದರೆ ಎಸಿಯಂತೆ ಪೆಟ್ರೋಲ್ ಕುಡಿಯುತ್ತದೆ ಎಂಬ ಅಂಜಿಕೆ ಹಲವರಲ್ಲಿದೆ. ಬ್ಲೋವರ್ ಫ್ಯಾನಿಗೆ ಬೇಕಾದ ವಿದ್ಯುತ್ತಿನ ಹೊರತು ಅದಕ್ಕೆ ಬೇರೆ ಖರ್ಚಿಲ್ಲ.

ನಮ್ಮ ನಾಡಿನಲ್ಲಿ ಹೀಟರ್ ಬೇಡವೇ ಬೇಡ ಎನ್ನುವ ಮಾತೂ ಪೂರ್ತಿ ನಿಜವಲ್ಲ. ಜುಲೈನ ಮಳೆಯಲ್ಲಿ ಆಗುಂಬೆ ಅಥವಾ ಚಾರ್ಮಾಡಿ ಘಾಟಿ ಇಳಿಯುವಾಗ ಮುಂದಿನ ಗಾಜು ಒಳಗಿನಿಂದ ಮಂಜುಗಟ್ಟಿ ದಾರಿಯೇ ಕಾಣದಾಗುತ್ತದೆ. ಆಗ ಎಸಿ ಮತ್ತು ಹೀಟರ್ ಎರಡನ್ನೂ ಹಾಕಿ ಗಾಳಿಯನ್ನು ಗಾಜಿನತ್ತ ತಿರುಗಿಸಬೇಕು. ಎಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಗಾಜನ್ನು ಬೆಚ್ಚಗೆ ಮಾಡುತ್ತದೆ. ಎರಡೂ ಕೂಡಿದರೆ ಗಾಜು ಬೇಗ ತಿಳಿಯಾಗುತ್ತದೆ.

ನಿಂತಾಗಲೇ ಏಕೆ

ಹೆಚ್ಚಿನ ಕಾರುಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟ್. ಎಂಜಿನ್ ಎಷ್ಟು ವೇಗವಾಗಿ ಸುತ್ತುತ್ತದೋ ಪಂಪ್ ಕೂಡ ಅದೇ ಲೆಕ್ಕದಲ್ಲಿ. ನಿಂತ ಕಾರಿನ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ಹಾಕಿದರೆ, ಹೆದ್ದಾರಿಯಲ್ಲಿ 2,400 ಆಸುಪಾಸಿನಲ್ಲಿರುತ್ತದೆ. ಸುತ್ತು ಮೂರು ಪಟ್ಟಾದರೆ ಹರಿವು ಮೂರು ಪಟ್ಟಾಗುತ್ತದೆ. ಆದರೆ ಪಂಪ್ ಒದಗಿಸುವ ಒತ್ತಡ ಹೆಚ್ಚುವುದು ಸುಮಾರು ಒಂಬತ್ತು ಪಟ್ಟು. ಇಡೀ ಒಗಟಿನ ಕೀಲಿ ಈ ಲೆಕ್ಕದಲ್ಲಿದೆ.

ಮನೆಯ ಮೇಲಿನ ಮಹಡಿಯ ನಲ್ಲಿಯನ್ನು ನೆನೆಸಿಕೊಳ್ಳಿ. ಬೀದಿಯ ಪೈಪಿನಲ್ಲಿ ಒತ್ತಡ ಕುಗ್ಗಿದಾಗ ಮೊದಲು ಒಣಗುವುದು ಅದೇ. ಕೆಳಗಿನ ನಲ್ಲಿಯಲ್ಲಿ ನೀರು ಇನ್ನೂ ಬರುತ್ತಿರುತ್ತದೆ. ಹಲವು ಕಾರುಗಳಲ್ಲಿ ಹೀಟರ್ ಕೋರ್ ಕೂಲಂಟ್ ಸುತ್ತಿನ ಎತ್ತರದ ಜಾಗಗಳಲ್ಲಿ ಒಂದು, ಅದರ ನಳಿಗೆಗಳೂ ಕಿರಿದು. ಕೂಲಂಟ್ ಸ್ವಲ್ಪ ಕಡಿಮೆಯಾದರೂ, ಒಳಗೆ ಗಾಳಿ ಸೇರಿದರೂ, ಪಂಪ್ ಸೊರಗಿದರೂ ಮೊದಲು ಬರಿದಾಗುವುದು ಆ ಕವಲೇ. ಆಕ್ಸಿಲರೇಟರ್ ಒತ್ತಿದಾಗ ಒತ್ತಡ ಏರಿ ಬಿಸಿ ದ್ರವ ಅಲ್ಲಿಗೆ ನುಗ್ಗುತ್ತದೆ, ಬಿಟ್ಟ ಕೂಡಲೇ ಹರಿವು ನಿಲ್ಲುತ್ತದೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ನಿಂತಾಗ ಗಾಳಿಯ ಬಿಸಿ ಅಷ್ಟಿಷ್ಟು ಇಳಿಯುವುದು ಸಹಜ. ಸಣ್ಣ ಪೆಟ್ರೋಲ್ ಎಂಜಿನ್ ನಿಂತಲ್ಲೇ ಓಡುವಾಗ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಇಂಧನ ಸುಡುತ್ತದೆ. ಹೆದ್ದಾರಿಯಲ್ಲಿ ಅದರ ಐದಾರು ಪಟ್ಟು. ಇಂಧನ ಕಡಿಮೆ ಉರಿದರೆ ಕಾವೂ ಕಡಿಮೆ. ಡೀಸೆಲ್ ಎಂಜಿನ್ ನಿಂತಲ್ಲಿ ಇನ್ನೂ ತಣ್ಣಗಿರುವುದರಿಂದ ಕೆಲವು ಡೀಸೆಲ್ ಕಾರುಗಳಲ್ಲಿ ಗಾಳಿ ಕಾಯಿಸಲು ವಿದ್ಯುತ್ ಹೀಟರನ್ನೂ ಕೊಟ್ಟಿರುತ್ತಾರೆ. ಸಿಗ್ನಲಿನಲ್ಲಿ ತಾನಾಗಿ ಎಂಜಿನ್ ಆರಿಸುವ ಸೌಲಭ್ಯವಿರುವ ಕಾರಾದರೆ ಪಂಪೂ ನಿಂತಿರಬಹುದು. ಆ ಗುಂಡಿ ಆಫ್ ಮಾಡಿ ನೋಡಿದ ಮೇಲೆಯೇ ದೋಷ ಹುಡುಕಲು ಹೊರಡಿ. ಉಗುರುಬೆಚ್ಚಗಾದರೆ ಚಿಂತೆಯಿಲ್ಲ. ಹೊರಗಿನ ಗಾಳಿಯಷ್ಟೇ ತಣ್ಣಗಾದರೆ ಮಾತ್ರ ಬೋನೆಟ್ ತೆರೆಯಬೇಕು.

ಇದರ ತಿರುವುಮುರುವು ಲಕ್ಷಣವೂ ಉಂಟು. ಟ್ರಾಫಿಕ್ಕಿನಲ್ಲಿ ಬೆಚ್ಚಗಿದ್ದು ಹೆದ್ದಾರಿಗೆ ಬಿದ್ದ ಮೇಲೆ ತಣ್ಣಗಾದರೆ ದೋಷ ಸಾಮಾನ್ಯವಾಗಿ ಥರ್ಮೋಸ್ಟಾಟಿನದು. ಎಂಜಿನ್ ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಟ್ಟು, 80ರಿಂದ 90 ಡಿಗ್ರಿಯ ನಡುವೆ ಒಳಗಿನ ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುವ ಪುಟ್ಟ ವಾಲ್ವ್ ಅದು. ತೆರೆದೇ ಸಿಕ್ಕಿಕೊಂಡರೆ ಎಂಜಿನ್ ಸದಾ ತಣ್ಣಗಿರುತ್ತದೆ. ‘ನಮ್ಮ ಬಿಸಿಲಿಗೆ ಇದ್ಯಾಕೆ ಸಾರ್’ ಎಂದು ಆ ವಾಲ್ವನ್ನೇ ಕಿತ್ತು ಹಾಕುವ ರೂಢಿ ನಮ್ಮ ಕೆಲವು ಗ್ಯಾರೇಜುಗಳಲ್ಲಿದೆ. ಅದಕ್ಕೆ ಒಪ್ಪಬೇಡಿ. ತಣ್ಣನೆಯ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಮೊದಲು ಕೂಲಂಟ್ ಮಟ್ಟ

ನೂರು ಕಾರಣ ಯೋಚಿಸುವ ಮೊದಲು ಕೂಲಂಟ್ ಎಷ್ಟಿದೆ ನೋಡಿ. ಎಂಜಿನ್ ಪೂರ್ತಿ ತಣಿದಿರಬೇಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡುವುದು ಒಳ್ಳೆಯದು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಎಂದೂ ತೆರೆಯಬಾರದು. ಒಳಗೆ ಒತ್ತಡದಲ್ಲಿರುವ ದ್ರವ, ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೇ ಚಿಮ್ಮುತ್ತದೆ. ಬಟ್ಟೆ ಹಿಡಿದು ತಿರುಗಿಸಿದರೂ ಸುಡುತ್ತದೆ.

ಹೆಚ್ಚಿನವರು ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ದ್ರವ ಕಂಡರೆ ಸಾಕೆಂದುಕೊಳ್ಳುತ್ತಾರೆ. ರೇಡಿಯೇಟರಿಗೇ ಪ್ರತ್ಯೇಕ ಮುಚ್ಚಳವಿರುವ ಕಾರುಗಳಲ್ಲಿ ಆ ಡಬ್ಬಿ ಮೋಸ ಮಾಡಬಹುದು. ಎಂಜಿನ್ ಕಾದಾಗ ಹಿಗ್ಗಿದ ಕೂಲಂಟ್ ಮುಚ್ಚಳದ ವಾಲ್ವ್ ದಾಟಿ ಡಬ್ಬಿಗೆ ಬರುತ್ತದೆ, ತಣಿದಾಗ ಇನ್ನೊಂದು ಪುಟ್ಟ ವಾಲ್ವ್ ಮೂಲಕ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮುಚ್ಚಳದ ರಬ್ಬರ್ ಒಣಗಿ ಬಿರಿದಿದ್ದರೆ ಹಿಂದಕ್ಕೆ ಬರುವುದು ಕೂಲಂಟ್ ಅಲ್ಲ, ಗಾಳಿ. ಡಬ್ಬಿ ತುಂಬಿರುತ್ತದೆ, ರೇಡಿಯೇಟರಿನ ಕತ್ತು ಬರಿದಾಗಿರುತ್ತದೆ. ತಣಿದ ಎಂಜಿನ್ನಿನ ಮುಚ್ಚಳ ತೆರೆದಾಗ ದ್ರವ ಕತ್ತಿನವರೆಗೂ ಇರಬೇಕು; ಬೆರಳು ಇಳಿಸಿದರೂ ತಾಗದಿದ್ದರೆ ನಿಮ್ಮ ಹೀಟರಿನ ಕಾಯಿಲೆ ಬಹುಪಾಲು ಪತ್ತೆಯಾದಂತೆ.

ಕೂಲಂಟ್ ತುಂಬಿಸಿದರೆ ಹೀಟರ್ ಸರಿಹೋಗಬಹುದು, ಕೆಲಸ ಮುಗಿಯುವುದಿಲ್ಲ. ಇದು ಮುಚ್ಚಿದ ವ್ಯವಸ್ಥೆ. ಎಂಜಿನ್ ಆಯಿಲ್‌ನಂತೆ ಕೂಲಂಟ್ ಖರ್ಚಾಗುವ ವಸ್ತುವಲ್ಲ; ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಹೋಸ್ ಪೈಪಿನ ಕ್ಲಿಪ್ಪುಗಳ ಸುತ್ತ, ರೇಡಿಯೇಟರಿನ ಅಲ್ಯೂಮಿನಿಯಂ ಭಾಗಕ್ಕೆ ಪ್ಲಾಸ್ಟಿಕ್ ಕೂಡುವ ಅಂಚಿನಲ್ಲಿ ಹಸಿರು ಅಥವಾ ಗುಲಾಬಿ ಬಣ್ಣದ ಒಣಗಿದ ಕಲೆ ಹುಡುಕಿ. ವಾಟರ್ ಪಂಪಿನ ಹೊಟ್ಟೆಯಡಿ ಒಂದು ಸಣ್ಣ ತೂತಿರುತ್ತದೆ. ಒಳಗಿನ ಸೀಲ್ ಕೆಟ್ಟಾಗ ಅಲ್ಲಿಂದ ತೊಟ್ಟಿಕ್ಕಲೆಂದೇ ಅದನ್ನು ಇಟ್ಟಿರುತ್ತಾರೆ. ಅಲ್ಲಿ ಗೆರೆ ಕಂಡರೆ ಪಂಪ್ ಬದಲಿಸುವ ಕಾಲ ಬಂದಿದೆ. ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಗುಟು ಪೊರೆ, ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆ ಇದ್ದರೆ ಸೋರುತ್ತಿರುವುದು ಹೀಟರ್ ಕೋರ್.

ಒಳಗೆ ಸಿಕ್ಕಿಕೊಂಡ ಗಾಳಿ

ಇತ್ತೀಚೆಗೆ ಕೂಲಂಟ್ ಬದಲಿಸಿದ್ದರೆ, ಪಂಪ್ ಅಥವಾ ಹೋಸ್ ಬಿಚ್ಚಿದ್ದರೆ, ಮೊದಲ ಅನುಮಾನ ಏರ್ ಲಾಕ್ ಮೇಲೆ. ಬಿಸಿ ಕೂಲಂಟ್ ಹರಿಯಬೇಕಾದ ಎತ್ತರದ ಜಾಗದಲ್ಲಿ ಗಾಳಿಯ ಗುಳ್ಳೆ ಕೂತಿರುತ್ತದೆ. ಕಾರು ಸ್ಟಾರ್ಟ್ ಮಾಡಿದ ಮೇಲೆ ಅಥವಾ ಆಕ್ಸಿಲರೇಟರ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿದರೆ ಅದೇ ಗುಳ್ಳೆ. ರೇಡಿಯೋ ಆರಿಸಿ, ಕಿವಿಗೊಟ್ಟು ಕೇಳಬೇಕು.

ಗಾಳಿ ತೆಗೆಯುವುದು ತಾಳ್ಮೆಯ ಕೆಲಸ. ಕಾರಿನ ಮೂತಿ ಮೇಲಕ್ಕಿರುವಂತೆ ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ತಣಿದ ಎಂಜಿನ್ನಿನ ಮುಚ್ಚಳ ತೆರೆದು ಕತ್ತಿನವರೆಗೆ ಕೂಲಂಟ್ ತುಂಬಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ಓಡಲು ಬಿಡಬೇಕು. ಕಾಯುತ್ತಾ ಹೋದಂತೆ ಗುಳ್ಳೆಗಳು ಮೇಲೆ ಬರುತ್ತವೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿಸಬೇಕು. ಕೆಲವು ಕಾರುಗಳಲ್ಲಿ ಗಾಳಿ ಬಿಡಲೆಂದೇ ಒಂದು ಸ್ಕ್ರೂ ಇರುತ್ತದೆ. ಇಲ್ಲಿ ಅವಸರ ಮಾಡಿ ಹತ್ತು ನಿಮಿಷದಲ್ಲಿ ಮುಗಿಸಿ ಕೊಡುವ ಗ್ಯಾರೇಜಿನಿಂದಲೇ ಈ ತೊಂದರೆ ಮನೆಗೆ ಬರುವುದು.

ಎರಡು ಹೋಸ್, ಒಂದು ಅಂಗೈ

ಅನುಭವಿ ಮೆಕ್ಯಾನಿಕ್ ಒಬ್ಬರ ಕೈ ಗಮನಿಸಿ. ಕಂಪ್ಯೂಟರ್ ಜೋಡಿಸುವ ಮೊದಲೇ ಆತ ಎಂಜಿನ್ನಿನ ಹಿಂದೆ, ಡ್ಯಾಶ್‌ಬೋರ್ಡಿನ ಗೋಡೆಯೊಳಗೆ ನುಗ್ಗುವ ಎರಡು ರಬ್ಬರ್ ಹೋಸ್‌ಗಳನ್ನು ಹುಡುಕುತ್ತಾರೆ. ಒಂದು ಹೀಟರಿಗೆ ಹೋಗುವುದು, ಇನ್ನೊಂದು ಮರಳುವುದು. ಎಂಜಿನ್ ಪೂರ್ತಿ ಕಾದು ನಿಂತಲ್ಲೇ ಓಡುತ್ತಿರುವಾಗ ಮೊದಲನೆಯದನ್ನು ಕ್ಷಣ ಮುಟ್ಟಿ ಬಿಡುತ್ತಾರೆ, ಸುಡುತ್ತದೆ. ಎರಡನೆಯದನ್ನು ಅಂಗೈಯಲ್ಲಿ ಹಿಡಿಯುತ್ತಾರೆ. ‘ಇದು ತಣ್ಣಗಿದೆ ನೋಡಿ ಸಾರ್, ಒಳಗೆ ಹೋಗ್ತಾ ಇದೆ, ವಾಪಸ್ ಬರ್ತಾ ಇಲ್ಲ.’ ಒಳಗೆ ಕೂತವರಿಗೆ ಆಕ್ಸಿಲರೇಟರ್ ಒತ್ತಿ ಎರಡು ಸಾವಿರಕ್ಕೆ ಹಿಡಿಯಲು ಹೇಳುತ್ತಾರೆ. ಒಂದು ನಿಮಿಷದಲ್ಲಿ ಅಂಗೈಯಡಿಯ ರಬ್ಬರ್ ಬೆಚ್ಚಗಾಗುತ್ತದೆ.

ಹಾಗಾದರೆ ಕೊರತೆ ಹರಿವಿನದು: ಗಾಳಿ, ಕಟ್ಟಿಕೊಂಡ ಕೋರ್ ಅಥವಾ ಸೊರಗಿದ ಪಂಪ್. ಎರಡೂ ಹೋಸ್ ಸಮನಾಗಿ ಸುಡುತ್ತಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ಕೂಲಂಟಿನ ದೋಷವಲ್ಲ, ಬಿಸಿ ಮತ್ತು ತಣ್ಣನೆ ಗಾಳಿಯನ್ನು ಬೆರೆಸುವ ಒಳಗಿನ ಫ್ಲ್ಯಾಪ್ ಸಿಕ್ಕಿಕೊಂಡಿದೆ. ಎರಡೂ ಉಗುರುಬೆಚ್ಚಗಿದ್ದರೆ ಎಂಜಿನ್ನೇ ಸರಿಯಾಗಿ ಕಾದಿಲ್ಲ, ಇಲ್ಲವೇ ಕೂಲಂಟ್ ತೀರಾ ಕಡಿಮೆಯಿದೆ. ನೀವೇ ಮುಟ್ಟಿ ನೋಡುವುದಾದರೆ ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಕೂದಲು ಬೆಲ್ಟಿನ ಹತ್ತಿರ ಹೋಗದಿರಲಿ. ರೇಡಿಯೇಟರ್ ಫ್ಯಾನ್ ಯಾವ ಗಳಿಗೆಯಲ್ಲಾದರೂ ತಾನಾಗಿ ತಿರುಗಬಹುದು.

ಬೋರ್‌ವೆಲ್ ನೀರು ಮಾಡುವ ಹಾನಿ

ನಮ್ಮ ಕಾರುಗಳ ಹೀಟರ್ ಕೋರ್ ಕಟ್ಟಿಕೊಳ್ಳಲು ದೊಡ್ಡ ಕಾರಣ ನಮ್ಮ ಅಭ್ಯಾಸ. ಮಟ್ಟ ಇಳಿದಿದೆಯೆಂದು ಪೆಟ್ರೋಲ್ ಬಂಕಿನ ನಲ್ಲಿಯಿಂದಲೋ ಮನೆಯ ಸಂಪಿನಿಂದಲೋ ಒಂದು ಬಾಟಲಿ ನೀರು ಸುರಿಯುತ್ತೇವೆ. ಕೋಲಾರದ ಕಡೆಯಾಗಲಿ, ಬೆಂಗಳೂರಿನ ಹೊರವಲಯವಾಗಲಿ, ಬೋರ್‌ವೆಲ್ ನೀರು ಗಡಸು. ಬಿಸಿನೀರಿನ ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿಸುವ ಅದೇ ಸುಣ್ಣದಂಶ ಎಂಜಿನ್ನಿನೊಳಗೂ ಕಟ್ಟುತ್ತದೆ. ನೀರು ಸೇರಿಸಿದಷ್ಟೂ ಕೂಲಂಟಿನ ತುಕ್ಕುನಿರೋಧಕ ತೆಳುವಾಗುತ್ತದೆ, ಲೋಹ ತುಕ್ಕು ಹಿಡಿಯುತ್ತದೆ. ಅಂಥ ಕಾರಿನ ರೇಡಿಯೇಟರ್ ಖಾಲಿ ಮಾಡಿದಾಗ ಇಟ್ಟಿಗೆ ಬಣ್ಣದ ರಾಡಿ ಇಳಿಯುತ್ತದೆ. ಆ ಮಡ್ಡಿ ಮೊದಲು ಹೋಗಿ ಕೂರುವುದು ಹೀಟರ್ ಕೋರಿನ ಕಿರಿದಾದ ನಳಿಗೆಗಳಲ್ಲೇ.

ಸೋರುವ ರೇಡಿಯೇಟರಿಗೆ ಅರಿಸಿನದ ಪುಡಿ ಹಾಕುವುದು ಲಾರಿ ಚಾಲಕರ ಹಳೆಯ ಉಪಾಯ. ನಡುದಾರಿಯಲ್ಲಿ ಸಿಕ್ಕಿಬಿದ್ದವರನ್ನು ಊರು ಮುಟ್ಟಿಸಿದ ಉಪಾಯವದು, ಅದರ ಬೆಲೆ ನನಗೆ ಗೊತ್ತು. ಆದರೆ ತೂತು ಮುಚ್ಚುವ ಪುಡಿ, ಅರಿಸಿನವಾಗಲಿ ಅಂಗಡಿಯದಾಗಲಿ, ಕಿರಿದಾದ ನಳಿಗೆಯನ್ನೂ ಮುಚ್ಚುತ್ತದೆ. ಊರು ಮುಟ್ಟಿದ ಮೇಲೆ ಒಳಗನ್ನೆಲ್ಲ ತೊಳೆಸಲೇಬೇಕು.

ಕಟ್ಟಿಕೊಂಡ ಕೋರನ್ನು ಎರಡೂ ಹೋಸ್ ಬಿಚ್ಚಿ, ಹರಿವಿನ ಎದುರು ದಿಕ್ಕಿನಿಂದ ಹದವಾದ ಒತ್ತಡದಲ್ಲಿ ನೀರು ಹಾಯಿಸಿ ತೊಳೆಯುತ್ತಾರೆ. ಹಲವು ಸಲ ಅಷ್ಟೇ ಸಾಕಾಗುತ್ತದೆ. ಆಮೇಲೆ ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲಂಟನ್ನೇ, ಡಿಸ್ಟಿಲ್ಡ್ ವಾಟರ್ ಜೊತೆ ಹೇಳಿದ ಪ್ರಮಾಣದಲ್ಲೇ ತುಂಬಿಸಬೇಕು. ಬಣ್ಣ ನೋಡಿ ಕೊಳ್ಳಬೇಡಿ. ಎಲ್ಲ ಕಂಪನಿಗಳ ಹಸಿರು ಒಂದೇ ಅಲ್ಲ, ಹೊಂದದ ಬಗೆಗಳು ಬೆರೆತರೆ ಗಸಿ ಕಟ್ಟುವುದೂ ಉಂಟು.

ಪಂಪ್ ಸೊರಗಿದರೆ, ಗ್ಯಾಸ್ಕೆಟ್ ಹೋದರೆ

ವಾಟರ್ ಪಂಪಿನೊಳಗಿನ ರೆಕ್ಕೆಗಳು ತುಕ್ಕಿನಿಂದ ಸವೆಯುತ್ತವೆ. ಪ್ಲಾಸ್ಟಿಕ್ ರೆಕ್ಕೆಯಿದ್ದರೆ ಬಿರುಕು ಬಿಟ್ಟು ಶಾಫ್ಟಿನ ಮೇಲೆ ಜಾರಬಹುದು. ಹೊರಗಿನಿಂದ ಬೆಲ್ಟ್ ತಿರುಗುತ್ತಲೇ ಇರುತ್ತದೆ, ಒಳಗೆ ತಳ್ಳುವ ಕೆಲಸ ಅರ್ಧವೇ ಆಗುತ್ತದೆ. ಇಂಥ ಕಾರಿನಲ್ಲಿ ನಿಂತಾಗ ಹೀಟರ್ ತಣ್ಣಗಾಗುವುದರ ಜೊತೆಗೆ ಎಂಜಿನ್ ಕಾವೂ ಏರತೊಡಗುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಹೆಡ್ ಗ್ಯಾಸ್ಕೆಟ್. ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಈ ಹಾಳೆ ಸುಟ್ಟರೆ ಸಿಲಿಂಡರಿನ ಉರಿಯ ಅನಿಲ ಕೂಲಂಟಿಗೆ ನುಗ್ಗುತ್ತದೆ. ಎಷ್ಟು ಸಲ ಗಾಳಿ ತೆಗೆದರೂ ವಾರದಲ್ಲಿ ಮತ್ತೆ ಅದೇ ಗುಳುಗುಳು ಶುರುವಾದರೆ ಇದನ್ನು ಅನುಮಾನಿಸಬೇಕು. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಕೆಲವೇ ಕ್ಷಣದಲ್ಲಿ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾಗುವುದು, ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ಆಯಿಲ್ ಹಾಲು ಬೆರೆತಂತೆ ಕಾಣುವುದು ಇತರ ಗುರುತುಗಳು. ಗ್ಯಾರೇಜಿನಲ್ಲಿ ಪರೀಕ್ಷೆಗೆ ನೀಲಿ ದ್ರವವೊಂದಿದೆ. ರೇಡಿಯೇಟರಿನ ಮೇಲಿನ ಗಾಳಿಯನ್ನು ಅದರ ಮೂಲಕ ಹಾಯಿಸಿದಾಗ ಹಳದಿಗೆ ತಿರುಗಿದರೆ ಉರಿದ ಅನಿಲ ಸೇರಿರುವುದು ಖಚಿತ.

ಮೀಟರಿನ ಮುಳ್ಳನ್ನು ಪೂರ್ತಿ ನಂಬಬೇಡಿ. ಹಲವು ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಸೆನ್ಸರ್ ಇರುವ ಜಾಗದಲ್ಲಿ ಕೂಲಂಟ್ ಇಲ್ಲದಿದ್ದರೆ ಅದು ತಪ್ಪು ಲೆಕ್ಕ ಕೊಡುವ ಸಂಭವವೂ ಇದೆ. ಎಂಜಿನ್ ಕಾದಾಗ ಹೀಟರನ್ನು ಪೂರ್ತಿ ಹಾಕಿದರೆ ಸ್ವಲ್ಪ ಕಾವು ಇಳಿಯುತ್ತದೆ ಎಂಬ ಹಳೆಯ ಸಲಹೆ ಸರಿಯಾದದ್ದೇ. ಆದರೆ ಕೆಂಪು ದೀಪ ಉರಿಯುತ್ತಿದ್ದು ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಅಲ್ಲಿಗೆ ಕೂಲಂಟ್ ತಲುಪುತ್ತಿಲ್ಲ ಎಂದರ್ಥ. ಇನ್ನೊಂದು ಕಿಲೋಮೀಟರ್ ಕೂಡ ಓಡಿಸದೆ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ.

ಲೇಹ್‌ಗೆ ಹೊರಟವರಿಗೆ

ಕೆಎ ನಂಬರಿನ ಕಾರುಗಳು ಈಗ ಮನಾಲಿ, ಲೇಹ್ ದಾರಿಯಲ್ಲಿ ಅಪರೂಪವಲ್ಲ. ಅಲ್ಲಿ ಈ ಸಣ್ಣ ದೋಷದ ಅರ್ಥವೇ ಬೇರೆ. ಬೆಂಗಳೂರಿನಲ್ಲಿ ಬರೀ ನೀರು ಸುರಿದುಕೊಂಡ ಕಾರು ರಾತ್ರಿ ಸೊನ್ನೆಗಿಂತ ಕೆಳಗಿಳಿಯುವ ಊರಲ್ಲಿ ನಿಂತರೆ ನೀರು ಹೆಪ್ಪುಗಟ್ಟಿ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ರೇಡಿಯೇಟರ್, ಕೆಲವೊಮ್ಮೆ ಎಂಜಿನ್ ಬ್ಲಾಕೇ ಸೀಳುತ್ತದೆ. ಅರ್ಧ ಎಥಿಲೀನ್ ಗ್ಲೈಕಾಲ್, ಅರ್ಧ ನೀರಿನ ಮಿಶ್ರಣ ಮೈನಸ್ 37 ಡಿಗ್ರಿಯ ಆಸುಪಾಸಿನವರೆಗೂ ಹೆಪ್ಪುಗಟ್ಟದು. ಎತ್ತರದಲ್ಲಿ ಕುದಿಯುವ ಬಿಂದುವೂ ಇಳಿಯುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ತೆರೆದ ಪಾತ್ರೆಯ ನೀರು 88 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಕುದಿಯದಂತೆ ತಡೆಯುತ್ತದೆ. ಕೆಲವು ನೂರು ರೂಪಾಯಿಯ ಆ ಮುಚ್ಚಳ ಹಳೆಯದಾಗಿದ್ದರೆ ಹೊರಡುವ ಮೊದಲೇ ಬದಲಿಸಿ.

ಹಿಮದಲ್ಲಿ ಸಿಕ್ಕಿಕೊಂಡು ಎಂಜಿನ್ ಓಡಿಸುತ್ತಾ ಬೆಚ್ಚಗೆ ಕೂರುವ ಪ್ರಸಂಗ ಬಂದರೆ ಸೈಲೆನ್ಸರಿನ ಬಾಯಿ ಹಿಮದಿಂದ ಮುಚ್ಚಿಲ್ಲವೆಂದು ಆಗಾಗ ಇಳಿದು ನೋಡಬೇಕು, ಕಿಟಕಿ ಒಂದಿಷ್ಟು ತೆರೆದಿಡಬೇಕು. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿದರೆ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಟೊರಾಂಟೊದಲ್ಲೋ ಮಿನಿಯಾಪೊಲಿಸ್‌ನಲ್ಲೋ ಚಳಿಗಾಲ ಕಳೆಯುವ ಕನ್ನಡಿಗರಿಗೆ ಇದೆಲ್ಲ ಪ್ರತಿ ವರ್ಷದ ಪಾಠ.

ಗ್ಯಾರೇಜಿನಲ್ಲಿ ಏನು ಹೇಳಬೇಕು

‘ಹೀಟರ್ ಕೆಲಸ ಮಾಡ್ತಿಲ್ಲ’ ಎಂದಷ್ಟೇ ಹೇಳಿದರೆ ಕೋರ್ ಬದಲಿಸುವ ಎಸ್ಟಿಮೇಟ್ ಕೈಗೆ ಬರುವ ಸಾಧ್ಯತೆ ಹೆಚ್ಚು. ಹಲವು ಕಾರುಗಳಲ್ಲಿ ಅದಕ್ಕಾಗಿ ಇಡೀ ಡ್ಯಾಶ್‌ಬೋರ್ಡ್ ಕಳಚಬೇಕು. ಬಿಡಿಭಾಗಕ್ಕಿಂತ ಕೂಲಿಯೇ ದುಬಾರಿ. ನಿಂತಾಗ ತಣ್ಣಗೆ, ಎರಡು ಸಾವಿರಕ್ಕೆ ಏರಿಸಿದರೆ ಎಷ್ಟು ಹೊತ್ತಿಗೆ ಬಿಸಿ, ಗುಳುಗುಳು ಸದ್ದು ಇದೆಯೇ, ಕೂಲಂಟ್ ಎಷ್ಟು ಇಳಿದಿತ್ತು, ಕೊನೆಯ ಸಲ ಯಾವಾಗ ಬದಲಿಸಿದ್ದು ಎಂಬುದನ್ನೆಲ್ಲ ಹೇಳಿ. ಮುಚ್ಚಳ ಮತ್ತು ಇಡೀ ವ್ಯವಸ್ಥೆಗೆ ಪ್ರೆಷರ್ ಟೆಸ್ಟ್ ಮಾಡಿಸಿ ಎಂದು ಕೇಳಿ. ಕೈಪಂಪಿನಿಂದ ಒತ್ತಡ ತುಂಬಿ ಮುಳ್ಳು ಇಳಿಯುತ್ತದೆಯೇ ನೋಡುವ ಸರಳ ಪರೀಕ್ಷೆಯದು. ಡ್ಯಾಶ್‌ಬೋರ್ಡ್ ಬಿಚ್ಚುವ ಮಾತು ಅದಾದ ಮೇಲೆ.

ಹಳೆಯ ಕೂಲಂಟನ್ನು ಚರಂಡಿಗೆ ಬಿಡಲು, ಬಾಣಲೆಯಲ್ಲಿ ತೆರೆದಿಡಲು ಒಪ್ಪಬೇಡಿ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಬೀದಿನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಉಳಿದ ಕೂಲಂಟನ್ನು ಮನೆಗೆ ತಂದರೆ ಅದರದೇ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ತಂಪು ಪಾನೀಯದ ಖಾಲಿ ಬಾಟಲಿಗೆ ಮಾತ್ರ ಎಂದೂ ತುಂಬಿಸಬೇಡಿ.